ರಾಯ್‌ಪುರದ ಲಾರ್ಡ್ ಸಿನ್ಹಾ: ಬಿರುದಿಗೆ ಅಡ್ಡಬಂದ ಮದುವೆ

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಅಂದು ಮುತ್ತಿಗೆ ಹಾಕಿದ ಬ್ರಿಟಿಷ್ ಸೈನ್ಯದ ಮುಖ್ಯ ಸೇನಾಪತಿ ಜನರಲ್ ಜಾರ್ಜ್ ಹ್ಯಾರಿಸ್. ಹದಿನಾರು ವರ್ಷಗಳ ಮೇಲೆ, 1815ರಲ್ಲಿ, ಇಂಗ್ಲೆಂಡಿನ ದೊರೆತನ ಅವನನ್ನು ಬ್ಯಾರನ್ ಪದವಿಗೇರಿಸಿತು. ಆ ಬಿರುದಿನ ಪೂರ್ಣ ಒಕ್ಕಣೆಯಲ್ಲಿ ಕೆಂಟ್ ಸೀಮೆಯ ಬೆಲ್ಮಾಂಟ್ ಎಂಬ ಅವನ ಊರಿನ ಜೊತೆಗೆ ಶ್ರೀರಂಗಪಟ್ಟಣವೂ ಮೈಸೂರೂ ಸೇರಿಕೊಂಡವು. ಹೀಗೆ ನಮ್ಮ ಕಾವೇರಿ ತೀರದ ಊರೊಂದು ಇಂಗ್ಲಿಷ್ ಮನೆತನವೊಂದರ ವಂಶಪಾರಂಪರ್ಯದ ಸ್ವತ್ತಾಯಿತು. ಹ್ಯಾರಿಸ್ ಒಬ್ಬನೇ ಅಲ್ಲ. 1804ರಲ್ಲಿ ಜನರಲ್ ಲೇಕ್ ದೆಹಲಿ ಮತ್ತು ಲಾಸ್ವಾರಿಯ ಬ್ಯಾರನ್ ಆದ. ಭರತ್‌ಪುರದ ಕೋಟೆ ಒಡೆದ ಕಾಂಬರ್‌ಮಿಯರ್ 1827ರಲ್ಲಿ ಭರತ್‌ಪುರದ ವೈಕೌಂಟ್ ಆದ. ಸಿಖ್ಖರೊಡನೆ ಯುದ್ಧವಾದ ಮೇಲೆ 1846ರಲ್ಲಿ ಹಾರ್ಡಿಂಜ್ ಲಾಹೋರಿನ ವೈಕೌಂಟ್ ಆದ. ಇಂಗ್ಲೆಂಡಿನ ಶ್ರೀಮಂತವರ್ಗದ ಪಟ್ಟಿಗೆ ಭಾರತದ ಊರುಗಳು ಸೇರುತ್ತಿದ್ದದ್ದು ಹೀಗೆ, ಗೆದ್ದವರ ಹೆಸರಿನ ಬಾಲವಾಗಿ.

1919ರ ಫೆಬ್ರುವರಿಯಲ್ಲಿ ಆ ಪಟ್ಟಿಗೆ ಸೇರಿದ ಊರು ಬಂಗಾಳದ ಬೀರಭೂಮ್ ಜಿಲ್ಲೆಯ ರಾಯ್‌ಪುರ. ಅಲ್ಲಿ ಯಾವ ಯುದ್ಧವೂ ನಡೆದಿರಲಿಲ್ಲ, ಯಾವ ಕೋಟೆಯೂ ಬಿದ್ದಿರಲಿಲ್ಲ. ಆ ಊರಿನಲ್ಲೇ ಹುಟ್ಟಿದ ಒಬ್ಬ ವಕೀಲರು, ಸತ್ಯೇಂದ್ರ ಪ್ರಸನ್ನ ಸಿನ್ಹಾ, ‘ರಾಯ್‌ಪುರದ ಬ್ಯಾರನ್ ಸಿನ್ಹಾ’ ಆದರು. ಬ್ರಿಟನ್ನಿನ ವಂಶಪಾರಂಪರ್ಯದ ಪೀರ್ ಪದವಿ ಪಡೆದ ಮೊದಲ ಭಾರತೀಯರು ಅವರೇ, ಕೊನೆಯವರೂ ಅವರೇ. ಒಂಬತ್ತು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಒಂದು ಸರಳ ಪ್ರಶ್ನೆ ಎದ್ದಿತು: ಈ ಬಿರುದು ಹಿರಿಯ ಮಗನಿಗೆ ಸಲ್ಲುತ್ತದೆಯೇ? ಇದಕ್ಕೆ ಉತ್ತರ ಹೇಳಲು ಲಾರ್ಡ್ಸ್ ಸಭೆಗೆ 1939ರವರೆಗೆ ಸಮಯ ಬೇಕಾಯಿತು. ಒಬ್ಬ ಭಾರತೀಯನನ್ನು ಗೌರವಿಸುವುದು ಸಾಮ್ರಾಜ್ಯಕ್ಕೆ ಕಷ್ಟವಾಗಲಿಲ್ಲ. ಆ ಗೌರವ ಅವನ ಮಗನಿಗೆ ಇಳಿಯಬೇಕಾದರೆ ಅವನ ಮದುವೆಯನ್ನು ಮದುವೆಯೆಂದು ಒಪ್ಪಬೇಕಾಗಿತ್ತು. ತೊಡಕು ಇದ್ದದ್ದು ಅಲ್ಲಿ.

ಬೀರಭೂಮಿನಿಂದ ಲಿಂಕನ್ಸ್ ಇನ್‌ಗೆ

ರಾಯ್‌ಪುರದ ಸಿನ್ಹಾಗಳು ಕಾಯಸ್ಥ ಜಮೀನ್ದಾರರು. ಬೋಲ್‌ಪುರದ ಬಳಿಯ ಬಯಲಿನಲ್ಲಿ ದೇವೇಂದ್ರನಾಥ ಠಾಕೂರರು ತಮ್ಮ ಧ್ಯಾನಕ್ಕೆಂದು ಜಾಗ ಹಿಡಿದದ್ದು ಈ ಮನೆತನದವರಿಂದಲೇ. ವರ್ಷಕ್ಕೆ ಐದು ರೂಪಾಯಿಯ ಕಾಯಂ ಗೇಣಿಗೆ 1863ರಲ್ಲಿ ಅವರು ಪಡೆದ ಆ ನೆಲವೇ ಮುಂದೆ ಶಾಂತಿನಿಕೇತನವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಸತ್ಯೇಂದ್ರ ಪ್ರಸನ್ನ ಹುಟ್ಟಿದರು. ಊರ ಜಿಲ್ಲೆಯಲ್ಲಿ ಶಾಲೆ ಮುಗಿಸಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1880ರಲ್ಲಿ, ಸುಮಾರು ಹದಿನೇಳರ ಹರೆಯದಲ್ಲಿ, ಗೋವಿಂದಮೋಹಿನಿ ಅವರೊಡನೆ ಮದುವೆಯಾಯಿತು. ಹಿರಿಯರು ಗೊತ್ತುಮಾಡಿ ಅಗ್ನಿಸಾಕ್ಷಿಯಾಗಿ ನಡೆಸುವ ಲಕ್ಷಾಂತರ ಮದುವೆಗಳಂತೆ ಅದೂ ಒಂದು. ಲಂಡನ್ನಿನ ಅತಿ ಎತ್ತರದ ಸಭೆಯೊಂದು ಮುಂದೆ ಆ ಮದುವೆಯ ಸ್ವರೂಪವನ್ನು ಕೆದಕಿ ನೋಡುತ್ತದೆಂದು ಆ ದಿನ ಯಾರೂ ಊಹಿಸುವಂತಿರಲಿಲ್ಲ.

ಮರುವರ್ಷವೇ ಸಿನ್ಹಾ ಅಣ್ಣ ನರೇಂದ್ರ ಪ್ರಸನ್ನರೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಅಣ್ಣ ವೈದ್ಯಕೀಯ ಓದಿದರು, ತಮ್ಮ ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿದರು. 1886ರಲ್ಲಿ ಬ್ಯಾರಿಸ್ಟರ್ ಆಗಿ ಕಲ್ಕತ್ತೆಗೆ ಮರಳಿದಾಗ ಅವರಿಗೆ ಇಪ್ಪತ್ತಮೂರು. ಸಮುದ್ರ ದಾಟಿದವರನ್ನು ಜಾತಿ ಸುಲಭವಾಗಿ ಒಳಗೆ ಬಿಟ್ಟುಕೊಳ್ಳದಿದ್ದ ಕಾಲ ಅದು. ವಿಲಾಯತಿಯಿಂದ ಬಂದ ಅನೇಕ ಬಂಗಾಳಿಗಳು ಬ್ರಹ್ಮಸಮಾಜದ ಕಡೆ ತಿರುಗುತ್ತಿದ್ದರು. ಸಿನ್ಹಾ ದಂಪತಿ ಸಾಧಾರಣ ಬ್ರಹ್ಮಸಮಾಜವನ್ನು ಸೇರಿದರು. ಹಿರಿಯ ಮಗ ಅರುಣ್ ಕುಮಾರ್ ಹುಟ್ಟಿದ್ದು 1887ರ ಆಗಸ್ಟ್‌ನಲ್ಲಿ, ಅಂದರೆ ಸಮಾಜ ಸೇರಿದ ಮೇಲೆ. ಈ ಎರಡು ಘಟನೆಗಳ ಹಿಂದುಮುಂದಿನ ಮೇಲೆಯೇ ಅರ್ಧ ಶತಮಾನದ ನಂತರ ಎಲ್ಲವೂ ನಿಂತಿತು.

ಸಾಧಾರಣ ಬ್ರಹ್ಮಸಮಾಜ ಹುಟ್ಟಿದ್ದೇ ಒಂದು ಮದುವೆಯ ಜಗಳದಿಂದ. ಬ್ರಹ್ಮಸಮಾಜದ ನಾಯಕ ಕೇಶವಚಂದ್ರ ಸೇನರ ಒತ್ತಾಯದಿಂದಲೇ 1872ರ ವಿವಾಹ ಕಾಯಿದೆ ಬಂದಿತ್ತು. ಒಬ್ಬನಿಗೆ ಒಬ್ಬಳೇ ಹೆಂಡತಿ, ಹುಡುಗಿಗೆ ಕನಿಷ್ಠ ಹದಿನಾಲ್ಕು, ಹುಡುಗನಿಗೆ ಹದಿನೆಂಟು ತುಂಬಿರಬೇಕು ಎಂದು ಆ ಕಾಯಿದೆ ಹೇಳಿತು. ಆದರೆ 1878ರಲ್ಲಿ ಕೇಶವರು ಆ ವಯಸ್ಸು ತುಂಬುವ ಮೊದಲೇ ತಮ್ಮ ಮಗಳನ್ನು ಕೂಚ್‌ಬಿಹಾರದ ಎಳೆಯ ಮಹಾರಾಜನಿಗೆ ಕೊಟ್ಟರು. ಹೇಳಿದ್ದೊಂದು ಮಾಡಿದ್ದೊಂದು ಎಂದು ಸಿಟ್ಟಿಗೆದ್ದ ಅನುಯಾಯಿಗಳು ಎರಡೇ ತಿಂಗಳಲ್ಲಿ ಹೊರಬಂದು ಸಾಧಾರಣ ಬ್ರಹ್ಮಸಮಾಜ ಕಟ್ಟಿದರು. ಮದುವೆಯ ನಿಯಮಗಳಲ್ಲಿ ರಾಜಿ ಇಲ್ಲ ಎಂಬುದು ಈ ಪಂಗಡದ ಹುಟ್ಟುಗುಣವಾಯಿತು. ಒಬ್ಬ ಹೆಂಡತಿ ಇರುವಾಗ ಇನ್ನೊಂದು ಮದುವೆ ಅಲ್ಲಿ ನಿಷಿದ್ಧ.

ಮೇಲೇರಿದ ಮೆಟ್ಟಿಲುಗಳು

ಕಲ್ಕತ್ತೆಯ ಹೈಕೋರ್ಟಿನಲ್ಲಿ ಸಿನ್ಹಾ ಬೇಗ ಮುಂದೆ ಬಂದರು. 1903ರಲ್ಲಿ ಸರ್ಕಾರದ ಸ್ಟ್ಯಾಂಡಿಂಗ್ ಕೌನ್ಸೆಲ್ ಆದರು, 1908ರಲ್ಲಿ ಬಂಗಾಳದ ಅಡ್ವೊಕೇಟ್ ಜನರಲ್ ಹುದ್ದೆ ಅವರಿಗೆ ಕಾಯಂ ಆಯಿತು. ಮರುವರ್ಷ ಅವರ ಹೆಸರು ದೇಶದಾಚೆಗೂ ಹೋಯಿತು. ಭಾರತ ಸಚಿವ ಜಾನ್ ಮಾರ್ಲಿ ಮತ್ತು ವೈಸ್‌ರಾಯ್ ಮಿಂಟೋ ಸೇರಿ ವೈಸ್‌ರಾಯ್‌ನ ಕಾರ್ಯಕಾರಿ ಮಂಡಳಿಗೆ ಒಬ್ಬ ಭಾರತೀಯನನ್ನು ತರಲು ನಿಶ್ಚಯಿಸಿ ಸಿನ್ಹಾ ಅವರನ್ನು ಕಾನೂನು ಸದಸ್ಯರಾಗಿ ಆರಿಸಿದರು. ದೊರೆ ಏಳನೆಯ ಎಡ್ವರ್ಡ್‌ಗೆ ಇದು ಸುತರಾಂ ಹಿಡಿಸಲಿಲ್ಲ. ಮಂತ್ರಿಗಳ ಸಲಹೆಯನ್ನು ಮೀರಲಾಗದೆ ಒಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಟ್ಟ. ಇತ್ತ ಸಿನ್ಹಾ ಅವರಿಗೂ ಹುದ್ದೆಯ ಆಸೆ ಇರಲಿಲ್ಲ. ವಕೀಲಿಯ ಭಾರೀ ವರಮಾನ ಬಿಟ್ಟು ಸರ್ಕಾರಿ ಸಂಬಳಕ್ಕೆ ಇಳಿಯಬೇಕಿತ್ತು. ಗೋಖಲೆಯಂಥವರ ಒತ್ತಾಯಕ್ಕೆ ಒಪ್ಪಿದರು. 1910ರ ಪತ್ರಿಕಾ ಮಸೂದೆಯ ವಿಷಯದಲ್ಲಿ ಸರ್ಕಾರದೊಡನೆ ಮುನಿಸಿಕೊಂಡು ರಾಜೀನಾಮೆಯವರೆಗೂ ಹೋದರು. ಆ ವರ್ಷ ಮುಗಿಯುವುದರೊಳಗೆ ಹುದ್ದೆ ಬಿಟ್ಟು ವಕೀಲಿಗೆ ಮರಳಿದರು.

1915ರ ಡಿಸೆಂಬರಿನಲ್ಲಿ ಬೊಂಬಾಯಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅದೇ ವರ್ಷದ ಮೊದಲಲ್ಲಿ ಅವರಿಗೆ ‘ಸರ್’ ಪದವಿ ಬಂದಿತ್ತು. ಸರ್ ಪದವಿಯೂ ಕಾಂಗ್ರೆಸ್ಸಿನ ಅಧ್ಯಕ್ಷತೆಯೂ ಒಬ್ಬರಲ್ಲೇ ಕೂಡಿರುವುದು ಆಗಿನ್ನೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಸ್ವರಾಜ್ಯ ಗುರಿಯಾಗಬೇಕು, ಆದರೆ ಹಂತಹಂತವಾಗಿ ಬರಬೇಕು. ಬ್ರಿಟಿಷ್ ಸರ್ಕಾರ ತನ್ನ ಗುರಿ ಏನೆಂದು ಮೊದಲು ಬಾಯಿಬಿಟ್ಟು ಹೇಳಲಿ ಎಂಬುದು ಅವರ ಅಧ್ಯಕ್ಷ ಭಾಷಣದ ಸಾರ. ತಿಲಕರ ಬಳಗಕ್ಕೆ ಇದು ತೀರಾ ಮೆತ್ತಗಿನ ಮಾತಾಯಿತು. ಆದರೆ 1917ರ ಆಗಸ್ಟ್ 20ರಂದು ಭಾರತ ಸಚಿವ ಎಡ್ವಿನ್ ಮಾಂಟಗು ಮಾಡಿದ ಘೋಷಣೆ ಅದೇ ದಾರಿಯಲ್ಲಿತ್ತು.

ಮೊದಲನೆಯ ಮಹಾಯುದ್ಧ ಅಷ್ಟರಲ್ಲಿ ಎಲ್ಲ ಲೆಕ್ಕಗಳನ್ನು ಬದಲಿಸಿತ್ತು. ಹತ್ತು ಲಕ್ಷದಷ್ಟು ಭಾರತೀಯರು ಸಾಗರದಾಚೆಯ ರಣರಂಗಗಳಿಗೆ ಹೋಗಿದ್ದರು. ಆ ಋಣವನ್ನು ಏನಾದರೊಂದು ರೂಪದಲ್ಲಿ ತೀರಿಸಲೇಬೇಕಿತ್ತು. 1917ರಲ್ಲಿ ಲಂಡನ್ನಿನ ಸಾಮ್ರಾಜ್ಯ ಯುದ್ಧ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಗಳಾಗಿ ಹೋದವರು ಬಿಕಾನೇರ್ ಮಹಾರಾಜ ಗಂಗಾ ಸಿಂಗ್, ಜೇಮ್ಸ್ ಮೆಸ್ಟನ್ ಮತ್ತು ಸಿನ್ಹಾ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿಯೂ ಮಾಂಟಗು, ಬಿಕಾನೇರ್ ಮಹಾರಾಜರೊಡನೆ ಅವರಿದ್ದರು.

ಕಚೇರಿಗೆ ಬೇಕಾದ ಲಾರ್ಡ್

1919ರ ಜನವರಿಯಲ್ಲಿ ಮಾಂಟಗು ಅವರನ್ನು ತನ್ನ ಇಲಾಖೆಯ ಪಾರ್ಲಿಮೆಂಟರಿ ಉಪಕಾರ್ಯದರ್ಶಿಯಾಗಿ ಆರಿಸಿಕೊಂಡ. ಬ್ರಿಟಿಷ್ ಸರ್ಕಾರದೊಳಗೆ ಮಂತ್ರಿಸ್ಥಾನ ಪಡೆದ ಮೊದಲ ಭಾರತೀಯ ಸಿನ್ಹಾ. ಮಾಂಟಗು ಕಾಮನ್ಸ್ ಸಭೆಯಲ್ಲಿದ್ದುದರಿಂದ ಲಾರ್ಡ್ಸ್ ಸಭೆಯಲ್ಲಿ ಭಾರತದ ವಿಷಯಕ್ಕೆ ಉತ್ತರ ಹೇಳುವವರು ಬೇಕಿತ್ತು, ಹೊಸ ಸುಧಾರಣೆಯ ಮಸೂದೆಯನ್ನು ಅಲ್ಲಿ ದಾಟಿಸುವವರು ಬೇಕಿತ್ತು. ಲಾರ್ಡ್ಸ್ ಸಭೆಯಲ್ಲಿ ಮಾತಾಡಬೇಕಾದರೆ ಲಾರ್ಡ್ ಆಗಿರಲೇಬೇಕು. ಅದಕ್ಕಾಗಿ ಫೆಬ್ರುವರಿ 14ರಂದು ಬ್ಯಾರನ್ ಪದವಿ ಬಂತು.

ಇಂದಿನ ಪದ್ಧತಿಯಲ್ಲಿ ಇಂಥವರಿಗೆ ಜೀವಾವಧಿ ಪೀರ್ ಪದವಿ ಕೊಡುತ್ತಾರೆ; ಅವರ ಕಾಲ ಮುಗಿದರೆ ಬಿರುದೂ ಮುಗಿಯಿತು. ಆದರೆ ಆ ಅವಕಾಶ ಬಂದದ್ದು 1958ರ ಕಾಯಿದೆಯಿಂದ. ಅದಕ್ಕೂ ಮುಂಚೆ, ಮೇಲ್ಮನವಿ ಕೇಳುವ ನ್ಯಾಯಾಧೀಶರನ್ನು ಬಿಟ್ಟರೆ, ಲಾರ್ಡ್ ಮಾಡುವುದೆಂದರೆ ವಂಶವನ್ನೇ ಲಾರ್ಡ್ ಮಾಡಿದಂತೆ. ರಾಜಸನ್ನದಿನ ಒಕ್ಕಣೆ ಶತಮಾನಗಳಿಂದ ಒಂದೇ: ಬಿರುದು ಪಡೆದವನ ಶರೀರದಿಂದ ಧರ್ಮಸಮ್ಮತವಾಗಿ ಹುಟ್ಟಿದ ಗಂಡು ಸಂತತಿಗೆ ಅದು ಸಲ್ಲುತ್ತದೆ. ನಮ್ಮ ಧರ್ಮಶಾಸ್ತ್ರದ ಔರಸ ಪುತ್ರನೇ ಅಲ್ಲಿಯೂ ವಾರಸುದಾರ. ದತ್ತುಮಗನಿಗೆ ಬಿರುದಿಲ್ಲ, ಮದುವೆಯ ಹೊರಗೆ ಹುಟ್ಟಿದವನಿಗೂ ಇಲ್ಲ. ಯಾವುದು ಮದುವೆ ಎಂದು ನಿರ್ಧರಿಸುವುದು ಮಾತ್ರ ಇಂಗ್ಲಿಷ್ ಕಾನೂನು. ಒಂದು ಕಚೇರಿಯ ತಾತ್ಕಾಲಿಕ ಅಗತ್ಯಕ್ಕೆ ಕೊಟ್ಟ ಪದವಿ ಹೀಗೆ ಒಂದು ಬಂಗಾಳಿ ಕುಟುಂಬದ ಕೊನೆಯ ತಲೆಮಾರಿನವರೆಗೂ ಚಾಚಿಕೊಂಡಿತು.

ಲಾರ್ಡ್ಸ್ ಸಭೆಯಲ್ಲಿ ಸಿನ್ಹಾ ಕಳೆದ ಕಾಲ ಚಿಕ್ಕದು, ಆದರೆ ಬಿರುಸಿನದು. ಅವರು ಬ್ಯಾರನ್ ಆದ ಎರಡು ತಿಂಗಳಿಗೆ, ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡಯರ್ ಗುಂಡು ಹಾರಿಸಿದ. ಮೇ ತಿಂಗಳ ಕೊನೆಯಲ್ಲಿ ರವೀಂದ್ರನಾಥ ಠಾಕೂರರು ತಮ್ಮ ‘ಸರ್’ ಪದವಿಯನ್ನು ಹಿಂದಿರುಗಿಸಿ ವೈಸ್‌ರಾಯ್‌ಗೆ ಪತ್ರ ಬರೆದರು. ವೈಸ್‌ರಾಯ್ ಮಂಡಳಿಯಲ್ಲಿದ್ದ ಸಿ. ಶಂಕರನ್ ನಾಯರ್ ರಾಜೀನಾಮೆ ಕೊಟ್ಟು ಹೊರಬಂದರು. ಸಿನ್ಹಾ ಹೊರಬರಲಿಲ್ಲ. ರಾಯ್‌ಪುರಕ್ಕೂ ಶಾಂತಿನಿಕೇತನಕ್ಕೂ ನಡುವೆ ಕೆಲವೇ ಮೈಲಿ ದೂರ. ಬಿರುದನ್ನು ಬಿಸುಟವರಿಗೂ ಉಳಿಸಿಕೊಂಡವರಿಗೂ ನಡುವೆ ಅಂದು ತೆರೆದುಕೊಂಡ ಅಂತರ ಬಹಳ ದೊಡ್ಡದು.

ಒಳಗೆ ಉಳಿದುಕೊಂಡು ಅವರು ಮಾಡಿದ್ದೇನು ಎಂಬುದಕ್ಕೆ ಎರಡು ಉತ್ತರಗಳಿವೆ. 1919ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಕಾಯಿದೆಯನ್ನು ಲಾರ್ಡ್ಸ್ ಸಭೆಯಲ್ಲಿ ಮಂಡಿಸಿ ದಾಟಿಸಿದವರು ಅವರು. ಭಾರತದ ಆಡಳಿತ ಹೇಗಿರಬೇಕೆಂದು ಆ ಸಭೆಗೆ ಒಬ್ಬ ಭಾರತೀಯ ವಿವರಿಸಿದ್ದು ಅದೇ ಮೊದಲು. ಇದು ಗೆಲುವು. ಇನ್ನೊಂದು ಸೋಲು. 1920ರ ಜುಲೈನಲ್ಲಿ, ಡಯರ್‌ಗೆ ಅನ್ಯಾಯವಾಗಿದೆ ಎನ್ನುವ ನಿರ್ಣಯವನ್ನು ವೈಕೌಂಟ್ ಫಿನ್ಲೆ ಲಾರ್ಡ್ಸ್ ಸಭೆಯ ಮುಂದಿಟ್ಟ. ಸರ್ಕಾರದ ಪರವಾಗಿ ಉತ್ತರ ಕೊಡಬೇಕಾದವರು ಸಿನ್ಹಾ. ಕೊಲೆಯಾದವರ ದೇಶದವರೇ ಆದ ಒಬ್ಬ ಮಂತ್ರಿ ಕೊಂದವನ ಮೇಲಿನ ಕ್ರಮ ಸರಿಯೆಂದು ಅಲ್ಲಿ ವಾದಿಸಬೇಕಾಯಿತು. ಮತಕ್ಕೆ ಹಾಕಿದಾಗ ಡಯರ್‌ನ ಪರ 129, ವಿರುದ್ಧ 86. ಲಾರ್ಡ್ಸ್ ಸಭೆಗೆ ಒಬ್ಬ ಭಾರತೀಯನನ್ನು ಸೇರಿಸಿದರೆ ಆ ಸಭೆಯ ಮನಸ್ಸು ಬದಲಾಗುವುದಿಲ್ಲ ಎಂಬುದು ಎಣಿಕೆಯಲ್ಲಿಯೇ ಗೊತ್ತಾಯಿತು.

ಆ ವರ್ಷದ ಕೊನೆಯಲ್ಲಿ ಸಿನ್ಹಾ ಬಿಹಾರ ಮತ್ತು ಒರಿಸ್ಸಾ ಪ್ರಾಂತದ ಗವರ್ನರ್ ಆದರು. ಬ್ರಿಟಿಷ್ ಪ್ರಾಂತವೊಂದಕ್ಕೆ ಗವರ್ನರ್ ಆದ ಮೊದಲ ಭಾರತೀಯರೂ ಅವರೇ. ಆದರೆ ಗಾಂಧೀಜಿಯ ಅಸಹಕಾರ ಚಳವಳಿ ಎದ್ದಿದ್ದ ಕಾಲ ಅದು. ಅರ್ಧ ದಾರಿಗೆ ನಿಲ್ಲುವ ರಾಜಕಾರಣಕ್ಕೆ ಜಾಗ ಕುಗ್ಗಿತ್ತು. ಆರೋಗ್ಯವೂ ಕೈಕೊಟ್ಟಿತು. ಒಂದು ವರ್ಷ ತುಂಬುವ ಮೊದಲೇ, 1921ರ ನವೆಂಬರಿನಲ್ಲಿ, ಅವರು ಹುದ್ದೆ ಬಿಟ್ಟರು. 1926ರಲ್ಲಿ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಗೆ ನೇಮಕವಾದರು. 1928ರ ಮಾರ್ಚ್‌ನಲ್ಲಿ ಬಂಗಾಳದ ಬಹರಾಂಪುರದಲ್ಲಿ ತೀರಿಕೊಂಡರು.

ಇತಿಹಾಸಕಾರರಲ್ಲಿ ಅವರ ಬಗ್ಗೆ ಒಮ್ಮತವಿಲ್ಲ. ಸಾಮ್ರಾಜ್ಯ ತನ್ನ ಉದಾರತೆಯನ್ನು ತೋರಿಸಿಕೊಳ್ಳಲು ಮುಂದೆ ನಿಲ್ಲಿಸಿದ ವ್ಯಕ್ತಿ ಎಂದು ಕೆಲವರು ನೋಡುತ್ತಾರೆ. ಭಾರತೀಯರಿಗೆ ಮುಚ್ಚಿದ್ದ ಒಂದೊಂದೇ ಬಾಗಿಲನ್ನು ತೆರೆದು, ಮುಂದೆ ಬಂದವರಿಗೆ ಅದು ಮುಚ್ಚದಂತೆ ಮಾಡಿದವರು ಎಂದು ಇತರರು ಬರೆಯುತ್ತಾರೆ. ಎರಡು ಮಾತಿಗೂ ಅವರ ಬದುಕಿನಲ್ಲಿ ಸಾಕ್ಷಿ ಸಿಗುತ್ತದೆ.

ಮಗನ ಪ್ರಶ್ನೆ

ಆ ಕಾಲದಲ್ಲಿಯೂ ಪೀರ್ ತೀರಿಕೊಂಡರೆ ಮಗ ತಾನೇತಾನಾಗಿ ಲಾರ್ಡ್ಸ್ ಸಭೆಗೆ ಹೋಗಿ ಕೂರುವಂತಿರಲಿಲ್ಲ. ದೊರೆಯ ಹೆಸರಿನ ಕರೆಯೋಲೆ ಬರಬೇಕಿತ್ತು. ಅದಕ್ಕೆ ಮೊದಲು ತಂದೆತಾಯಿಯರ ಮದುವೆ, ತನ್ನ ಹುಟ್ಟು, ಮೇಲೆ ಬೇರೆ ಅಣ್ಣಂದಿರಿಲ್ಲ ಎಂಬುದನ್ನೆಲ್ಲ ಸಾಬೀತು ಮಾಡಬೇಕಿತ್ತು. ಸಂದೇಹ ಬಂದರೆ ವಿಷಯ ಲಾರ್ಡ್ಸ್ ಸಭೆಯ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಹೋಗುತ್ತಿತ್ತು. ಇಂಗ್ಲಿಷ್ ಮನೆತನಗಳಿಗೆ ಚರ್ಚಿನ ದಾಖಲೆಪುಸ್ತಕ ತೋರಿಸಿದರೆ ಮುಗಿಯಿತು. ಅರುಣ್ ಕುಮಾರ್ ಸಿನ್ಹಾ ತೋರಿಸಬೇಕಾದ್ದು 1880ರ ಒಂದು ಹಿಂದೂ ಮದುವೆಯನ್ನು. ತೊಡಕು ಬರೀ ಕಾಗದಪತ್ರದ್ದಲ್ಲ, ಕಾನೂನಿನದು.

ಅದರ ಬೇರು 1866ರ ಒಂದು ಮೊಕದ್ದಮೆಯಲ್ಲಿದೆ. ಅಮೆರಿಕದ ಯೂಟಾದಲ್ಲಿ ಮಾರ್ಮನ್ ಪಂಥದಲ್ಲಿ ಮದುವೆಯಾಗಿ, ಮುಂದೆ ಆ ಪಂಥ ಬಿಟ್ಟ ಹೈಡ್ ಎಂಬಾತ ಇಂಗ್ಲೆಂಡಿನಲ್ಲಿ ವಿಚ್ಛೇದನ ಕೇಳಿದ. ಕ್ರೈಸ್ತ ಜಗತ್ತು ಅರ್ಥಮಾಡಿಕೊಂಡಂತೆ ಮದುವೆಯೆಂದರೆ ಒಬ್ಬ ಗಂಡಿಗೂ ಒಬ್ಬಳು ಹೆಣ್ಣಿಗೂ ನಡುವೆ, ಇತರರಾರಿಗೂ ಎಡೆಯಿಲ್ಲದೆ, ಬದುಕಿರುವವರೆಗೆ ನಿಲ್ಲುವ ಸಂಬಂಧ ಎಂದ ನ್ಯಾಯಾಧೀಶ ಲಾರ್ಡ್ ಪೆನ್‌ಜಾನ್ಸ್ ಅವನ ಅರ್ಜಿಯನ್ನು ತಳ್ಳಿಹಾಕಿದ. ಹೈಡ್‌ಗೆ ಇದ್ದದ್ದು ಒಬ್ಬಳೇ ಹೆಂಡತಿ. ಆದರೂ ಆ ಮದುವೆಯ ಪದ್ಧತಿಯಲ್ಲಿ ಇನ್ನೊಬ್ಬಳಿಗೆ ಅವಕಾಶವಿತ್ತು ಎಂಬುದೇ ಸಾಕಾಯಿತು. 1888ರಲ್ಲಿ ಇದು ಇನ್ನೂ ಕಟುವಾಯಿತು. ಆಫ್ರಿಕದ ಬೆಚುವಾನಾಲ್ಯಾಂಡಿನಲ್ಲಿ ಅಲ್ಲಿನ ಬಾರೊಲಾಂಗ್ ಜನರ ಪದ್ಧತಿಯಂತೆ ಮದುವೆಯಾಗಿ ಸತ್ತ ಬೆಥೆಲ್ ಎಂಬ ಇಂಗ್ಲಿಷಿನವನ ಮಗುವಿಗೆ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲವೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಮದುವೆ ಇಂಗ್ಲಿಷ್ ಅರ್ಥದಲ್ಲಿ ಮದುವೆಯಲ್ಲ ಎಂಬುದು ಕಾರಣ.

ಹಿಂದೂ ಪುರುಷನಿಗೆ ಆಗ ಎಷ್ಟು ಮದುವೆಯಾಗಲೂ ಕಾನೂನಿನ ಅಡ್ಡಿಯಿರಲಿಲ್ಲ. ಸಿನ್ಹಾ ಜೀವನಪೂರ್ತಿ ಒಬ್ಬಳೇ ಹೆಂಡತಿಯೊಡನೆ ಬಾಳಿದರು ಎಂಬುದು ಹೈಡ್‌ನ ತರ್ಕದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಬ್ಬಳನ್ನು ತರಬಹುದಿತ್ತೇ ಎಂಬುದಷ್ಟೇ ಪ್ರಶ್ನೆ. ಹಿಂದೂಗಳಲ್ಲಿ ಬಹುಪತ್ನಿತ್ವ ಉಳಿದುಕೊಳ್ಳಲು ಬ್ರಿಟಿಷರೇ ಒಂದು ಕಾರಣವಾಗಿದ್ದರು ಎಂಬುದು ಇಲ್ಲಿನ ವ್ಯಂಗ್ಯ. ಬಂಗಾಳದ ಕುಲೀನ ಬ್ರಾಹ್ಮಣರ ಬಹುಪತ್ನಿತ್ವವನ್ನು ನಿಷೇಧಿಸಿ ಎಂದು ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲೂ 1866ರಲ್ಲೂ ಸರ್ಕಾರಕ್ಕೆ ಅರ್ಜಿ ಕೊಟ್ಟರು, 1870ರ ದಶಕದಲ್ಲಿ ಪುಸ್ತಕಗಳನ್ನೇ ಬರೆದರು. 1857ರ ದಂಗೆಯ ಮೇಲೆ ಧರ್ಮದ ವಿಷಯಕ್ಕೆ ಕೈಹಾಕಲು ಹೆದರಿದ ಸರ್ಕಾರ ಕಾಯಿದೆ ಮಾಡಲಿಲ್ಲ. ಕಲ್ಕತ್ತೆಯಲ್ಲಿ ಯಾವುದನ್ನು ತಡೆಯಲು ಒಲ್ಲೆ ಎಂದರೋ, ಲಂಡನ್ನಿನಲ್ಲಿ ಅದರ ಸಾಧ್ಯತೆಯನ್ನೇ ಮಗನ ಮುಂದೆ ತಡೆಗೋಡೆಯಾಗಿ ನಿಲ್ಲಿಸಿದರು.

1939ರ ತೀರ್ಮಾನ

ಎರಡನೆಯ ಮಹಾಯುದ್ಧಕ್ಕೆ ಕೆಲವು ವಾರಗಳಿರುವಾಗ, 1939ರ ಬೇಸಿಗೆಯಲ್ಲಿ, ಸಮಿತಿಯ ಅಭಿಪ್ರಾಯ ಹೊರಬಂತು. ಅದನ್ನು ಹೇಳಿದವನು ಲಾರ್ಡ್ ಚಾನ್ಸಲರ್ ಮಾಮ್, ಕಾದಂಬರಿಕಾರ ಸಾಮರ್ಸೆಟ್ ಮಾಮ್‌ನ ಅಣ್ಣ. ಹೈಡ್ ತೀರ್ಪನ್ನು ಹಿಡಿದುಕೊಂಡು ಬಾಗಿಲು ಹಾಕುವುದು ಸುಲಭವಿತ್ತು. ಆದರೆ ಮಾಮ್ ಎರಡು ವಿಷಯಗಳನ್ನು ಬೇರ್ಪಡಿಸಿದ. ಭಾರತದಲ್ಲಿ ನೆಲೆಸಿದವರ ನಡುವೆ ಅಲ್ಲಿನ ಪದ್ಧತಿಯಂತೆ ನಡೆದ ಹಿಂದೂ ಮದುವೆಯನ್ನು ಇಂಗ್ಲಿಷ್ ನ್ಯಾಯಾಲಯಗಳು ಮದುವೆಯೆಂದೇ ಒಪ್ಪುತ್ತವೆ. ಅದರಲ್ಲಿ ಹುಟ್ಟಿದ ಮಕ್ಕಳು ಔರಸರು. ಸಾಮಾನ್ಯವಾಗಿ ಇಲ್ಲಿನ ಆಸ್ತಿಗೂ ಅವರು ಹಕ್ಕುದಾರರು. ಆದರೆ ಬಿರುದಿನ ಮಾತು ಬೇರೆ. ಒಬ್ಬನಿಗೆ ಹಲವು ಹೆಂಡಿರಿದ್ದರೆ ಎರಡನೆಯವಳ ಮಗ ಮೊದಲು ಹುಟ್ಟಿ, ಮೊದಲನೆಯವಳ ಮಗ ಆಮೇಲೆ ಹುಟ್ಟಬಹುದು. ಆಗ ಹಿರಿಯ ಮಗ ಯಾರು? ಒಬ್ಬನೇ ವಾರಸುದಾರನನ್ನು ನೆಚ್ಚಿ ನಿಂತ ಇಂಗ್ಲಿಷ್ ಬಿರುದಿನ ಪದ್ಧತಿಗೆ ಇದು ನಿಲುಕದ ಪ್ರಶ್ನೆ.

ದಶರಥನ ಮನೆಯ ಕಥೆ ಕೇಳಿ ಬೆಳೆದ ನಮಗೆ ಈ ಆತಂಕ ಪೂರ್ತಿ ಅಪರಿಚಿತವಲ್ಲ. ಸಮಿತಿಗೆ ಮಾತ್ರ ಆ ಗಂಟನ್ನು ಬಿಚ್ಚುವ ಗರಜು ಬೀಳಲಿಲ್ಲ. ಸಿನ್ಹಾ ದಂಪತಿ ಸಾಧಾರಣ ಬ್ರಹ್ಮಸಮಾಜ ಸೇರಿದ ಸಂಗತಿ ಅವರ ಕೈಗೆ ಸಿಕ್ಕಿತ್ತು. ಆ ಸಮಾಜ ಏಕಪತ್ನಿತ್ವದ ಕಟ್ಟಳೆಯದ್ದು. ಅದನ್ನು ಸೇರಿದ ಕ್ಷಣದಿಂದ ಸಿನ್ಹಾ ಅವರಿಗೆ ಅನ್ವಯಿಸುವ ವೈಯಕ್ತಿಕ ಕಾನೂನು ಬದಲಾಯಿತು. ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಮದುವೆಯಾಗುವ ಹಕ್ಕು ಅವರಿಗೆ ಉಳಿಯಲಿಲ್ಲ. ಹಿರಿಯ ಮಗ ಹುಟ್ಟಿದ್ದು ಅದಾದ ಮೇಲೆ. ಆದ್ದರಿಂದ 1880ರಲ್ಲಿ ಆ ಮದುವೆ ಹೇಗೇ ಆರಂಭವಾಗಿರಲಿ, ಮಗ ಹುಟ್ಟುವ ಹೊತ್ತಿಗೆ ಅದು ಎಲ್ಲ ಅರ್ಥದಲ್ಲಿಯೂ ಏಕಪತ್ನಿತ್ವದ ಮದುವೆಯಾಗಿತ್ತು. ಅರುಣ್ ಕುಮಾರ್ ಎರಡನೆಯ ಬ್ಯಾರನ್ ಸಿನ್ಹಾ ಆದರು. ಅಷ್ಟು ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು, ತಂದೆ ತೀರಿ ಹನ್ನೊಂದು ವರ್ಷವಾಗಿತ್ತು.

ತೀರ್ಮಾನ ಉದಾರವಾಗಿಯೂ ಇತ್ತು, ಇಕ್ಕಟ್ಟಿನದೂ ಆಗಿತ್ತು. ಮದುವೆಯೊಂದು ತನ್ನ ಸ್ವಭಾವವನ್ನು ನಡುದಾರಿಯಲ್ಲಿ ಬದಲಿಸಿಕೊಳ್ಳಬಲ್ಲದು, ಹಾಗೆ ಬದಲಾಗಲು ಹೊಸದಾಗಿ ಮದುವೆಯಾಗಬೇಕಿಲ್ಲ ಎಂದು ಒಪ್ಪಿದ್ದು ದೊಡ್ಡ ಹೆಜ್ಜೆ. ಆದರೆ ಸಿನ್ಹಾ ದಂಪತಿ ಬ್ರಹ್ಮಸಮಾಜ ಸೇರದೆ, ಒಬ್ಬರಿಗೊಬ್ಬರು ನಿಷ್ಠರಾಗಿದ್ದ ಸಾಮಾನ್ಯ ಹಿಂದೂಗಳಾಗಿಯೇ ಉಳಿದಿದ್ದರೆ? ಇಲ್ಲವೇ ಮಗ ಎರಡು ವರ್ಷ ಮುಂಚೆ ಹುಟ್ಟಿದ್ದರೆ? ಸಮಿತಿ ಆ ಪ್ರಶ್ನೆಗಳ ಹತ್ತಿರ ಬಂದು ಪಕ್ಕಕ್ಕೆ ಸರಿಯಿತು. ಅದರ ಮಾತುಗಳು ಎಷ್ಟು ದೂರ ಅನ್ವಯಿಸುತ್ತವೆ ಎಂದು ಕಾನೂನು ಪಂಡಿತರು ಮುಂದೆ ದಶಕಗಳ ಕಾಲ ವಾದಿಸಿದರು.

ಬಿರುದಿಗಿಂತ ಉದ್ದದ ಆಯುಸ್ಸು

ಬಿರುದಿನ ಮುಂದಿನ ಕಥೆ ಚಿಕ್ಕದು. ಅರುಣ್ ಕುಮಾರ್ 1967ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಭಾರತ ಗಣರಾಜ್ಯವಾಗಿತ್ತು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಮಾಡಿ, ಪರದೇಶದ ಬಿರುದನ್ನು ಭಾರತದ ಪೌರನೊಬ್ಬ ಸ್ವೀಕರಿಸಬಾರದೆಂದು ಹೇಳಿತ್ತು. ರಾಯ್‌ಪುರದ ಬ್ಯಾರನ್ ಪದವಿ ಇಂದಿಗೂ ಬ್ರಿಟನ್ನಿನ ಪೀರ್‌ಗಳ ಗ್ರಂಥಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಖಲಾಗುತ್ತಿದೆ. ಆದರೆ 1999ರ ಕಾಯಿದೆ ವಂಶಪಾರಂಪರ್ಯದ ಪೀರ್‌ಗಳಿಗೆ ಲಾರ್ಡ್ಸ್ ಸಭೆಯಲ್ಲಿದ್ದ ಸಹಜ ಹಕ್ಕನ್ನೇ ತೆಗೆದುಹಾಕಿತು. ಆಗ 92 ಮಂದಿ ಮಾತ್ರ ಒಳಗೆ ಉಳಿದರು. ಮೇಘನಾದ ದೇಸಾಯಿ, ಸ್ವರಾಜ್ ಪಾಲ್ ಅವರಂಥ ಭಾರತ ಮೂಲದ ಅನೇಕರು ಆ ಸಭೆ ಸೇರಿದ್ದು ಜೀವಾವಧಿ ಪೀರ್‌ಗಳಾಗಿ. ಅವರ ಮಕ್ಕಳು ತಂದೆತಾಯಿಯರ ಮದುವೆಯನ್ನು ಯಾವ ಸಮಿತಿಗೂ ವಿವರಿಸಬೇಕಿಲ್ಲ.

ಆ ಮೊಕದ್ದಮೆಗೆ ಮಾತ್ರ ಬಿರುದಿಗಿಲ್ಲದ ಆಯುಸ್ಸು ಸಿಕ್ಕಿತು. ಲಾರ್ಡ್ಸ್ ಸಭೆಯ ನಡಾವಳಿಯಲ್ಲಿ ಹುದುಗಿಹೋಗಿದ್ದ ಮಾಮ್‌ನ ಮಾತುಗಳು 1946ರಲ್ಲಿ ಬೈಂಡೈಲ್ ಪ್ರಕರಣದಲ್ಲಿ ಮೇಲೆ ಬಂದವು. ಭಾರತದಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾಗಿದ್ದವನೊಬ್ಬ 1939ರಲ್ಲಿ ಲಂಡನ್ನಿನ ನೋಂದಣಿ ಕಚೇರಿಯಲ್ಲಿ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗಿದ್ದ. ಮೊದಲ ಮದುವೆ ಇಂಗ್ಲೆಂಡಿನಲ್ಲಿ ಲೆಕ್ಕಕ್ಕಿಲ್ಲ ಎಂದಿದ್ದರೆ ಎರಡನೆಯದು ನಿಲ್ಲುತ್ತಿತ್ತು. ಮೇಲ್ಮನವಿ ನ್ಯಾಯಾಲಯ ಸಿನ್ಹಾ ಪ್ರಕರಣವನ್ನು ಆಧಾರವಾಗಿಟ್ಟುಕೊಂಡು ಹಿಂದೂ ಮದುವೆಯನ್ನು ಎತ್ತಿಹಿಡಿಯಿತು, ಲಂಡನ್ನಿನ ಮದುವೆಯನ್ನು ಅನೂರ್ಜಿತಗೊಳಿಸಿತು. ತಂದೆಯ ಬಿರುದಿಗಾಗಿ ಒಬ್ಬ ಮಗ ಹೂಡಿದ ಹೋರಾಟ ಒಬ್ಬ ಮೊದಲ ಹೆಂಡತಿಯ ಹಕ್ಕಿಗೆ ಒದಗಿಬಂತು. 1960ರ ದಶಕದ ಚೆನಿ ಪ್ರಕರಣದಲ್ಲಿ, ಬಹುಪತ್ನಿತ್ವಕ್ಕೆ ಎಡೆಯಿದ್ದ ಯೆಹೂದಿ ಮದುವೆ ಮಗು ಹುಟ್ಟಿದ ಮೇಲೆ ಏಕಪತ್ನಿತ್ವಕ್ಕೆ ಹೊರಳಿತೆಂದು ನ್ಯಾಯಾಲಯ ಒಪ್ಪಿದ್ದೂ ಸಿನ್ಹಾ ದಾರಿಯಲ್ಲೇ. ಭಾರತದಲ್ಲಿ 1955ರ ಹಿಂದೂ ವಿವಾಹ ಕಾಯಿದೆ ಬಂದು ಬಹುಪತ್ನಿತ್ವ ನಿಂತ ಮೇಲೆ, ಅದಕ್ಕೂ ಮೊದಲು ಮದುವೆಯಾಗಿ ಇಂಗ್ಲೆಂಡಿಗೆ ವಲಸೆ ಹೋದ ಸಿಖ್ ದಂಪತಿಯ ಪ್ರಶ್ನೆ 1967ರಲ್ಲಿ ಅಲ್ಲಿನ ನ್ಯಾಯಾಲಯಕ್ಕೆ ಬಂತು. ಕಾಯಿದೆ ಬದಲಾದಾಗ ಮದುವೆಯ ಸ್ವರೂಪವೂ ಬದಲಾಗುತ್ತದೆ ಎಂದೇ ಉತ್ತರ ಸಿಕ್ಕಿತು. ಬಹುಪತ್ನಿತ್ವಕ್ಕೆ ಎಡೆಯಿದ್ದ ಮದುವೆಗಳ ದಂಪತಿಗಳಿಗೂ ಇಂಗ್ಲಿಷ್ ನ್ಯಾಯಾಲಯಗಳಲ್ಲಿ ವಿಚ್ಛೇದನ, ಜೀವನಾಂಶ ಸಿಗಬೇಕೆಂದು 1972ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಹೈಡ್ ಪ್ರಕರಣ ಹಾಕಿದ ಬೀಗ ನೂರ ಆರು ವರ್ಷಗಳ ಮೇಲೆ ತೆರೆಯಿತು.

ಹ್ಯಾರಿಸ್, ಲೇಕ್, ಹಾರ್ಡಿಂಜ್ ಅವರ ಬಿರುದುಗಳು ಒಬ್ಬರ ಗೆಲುವನ್ನು ಒಂದು ಮನೆತನಕ್ಕೆ ಬರೆದುಕೊಟ್ಟವು. ಅವುಗಳಿಂದ ಹೊರಗಿನವರಿಗೆ ಏನೂ ದಕ್ಕಲಿಲ್ಲ. ರಾಯ್‌ಪುರದ ಬಿರುದು ಅಧಿಕಾರದ ಲೆಕ್ಕದಲ್ಲಿ ಅವುಗಳಿಗಿಂತ ಬಡವಾದದ್ದು. ಅದು ಡಯರ್‌ನ ಪರ ಬಿದ್ದ ಮತಗಳನ್ನು ತಡೆಯಲಿಲ್ಲ, ಸ್ವಾತಂತ್ರ್ಯವನ್ನು ಒಂದು ದಿನವೂ ಹತ್ತಿರ ತರಲಿಲ್ಲ. ಆದರೆ ವಂಶದ ಷರತ್ತು ಸೇರಿಸಿ ಅದನ್ನು ಬರೆದ ಗುಮಾಸ್ತರು ತಿಳಿಯದೆಯೇ ಇಂಗ್ಲಿಷ್ ಕಾನೂನಿಗೆ ಒಂದು ಪರೀಕ್ಷೆ ಒಡ್ಡಿದ್ದರು. ಬರ್ಮಿಂಗ್‌ಹ್ಯಾಮಿಗೋ ಸೌತ್‌ಹಾಲಿಗೋ ಹೋಗಿ ನೆಲೆಸಿದ, ಯಾವ ಬಿರುದನ್ನೂ ಕಾಣದ ಕುಟುಂಬಗಳಿಗೆ ಆ ಪರೀಕ್ಷೆಯ ಫಲ ಸಿಕ್ಕಿತು. ಲಾರ್ಡ್ ಸಿನ್ಹಾ ಬಿಟ್ಟುಹೋದ ಆಸ್ತಿಯಲ್ಲಿ ಹೆಚ್ಚು ಬಾಳಿದ ಭಾಗ ಇದೇ. ಇದಕ್ಕೆ ವಾರಸುದಾರರು ಸಿನ್ಹಾ ಮನೆತನದವರಷ್ಟೇ ಆಗಿರಲಿಲ್ಲ.